ಮೂರು ಕೋಲಿನ ಜೀಪು ಮತ್ತು ಕಳೆದುಹೋದ ಮುಂದಿನ ಆಕ್ಸಲ್

ಇಲ್ಲಿ ಏನಾದರೂ ಕುಟ್ಟಿ ಬಹಳ ದಿನಗಳೇ ಆದವು. ಆಫೀಸಿನಲ್ಲಿ ರಿಲೀಸು, ರಿಲೀಸು ಮುಗಿದರೆ ಅದರ ಬಗ್‌ಗಳು, ಬಗ್ ಮುಗಿಯುವಷ್ಟರಲ್ಲಿ ಇನ್ನೊಂದು ರಿಲೀಸು... ಹೀಗೇ ನಡೆದಿದೆ. ಹೋದ ವಾರ ಊಟದ ಹೊತ್ತಿನಲ್ಲಿ ನಡೆದ ಒಂದು ಮಾತುಕತೆಯಿಂದ ಈ ಬರಹ ಹುಟ್ಟಿತು.

ಪಕ್ಕದ ಸೀಟಿನ ಗೆಳೆಯ ಮೊಬೈಲಿನಲ್ಲಿ ಒಂದು ವಿಡಿಯೋ ತೋರಿಸಿದ. ಅಮೆರಿಕಾದಲ್ಲಿ ಯಾರೋ ಹಳೆಯ ಮಸಲ್ ಕಾರೊಂದರ ಬಾಡಿ ಎತ್ತಿ ಪಿಕಪ್ ಟ್ರಕ್ಕಿನ ಚಾಸಿಯ ಮೇಲೆ ಕೂರಿಸಿದ್ದಾರೆ. ನಾಲ್ಕೂ ಚಕ್ರ ಎಳೆಯುವ ಹಾಗೆ ಮಾಡಿ, ಎದೆಮಟ್ಟದ ಟೈರು ಹಾಕಿ, ಕೆಸರಿನಲ್ಲಿ ಹೂಂಕರಿಸುತ್ತಾ ಓಡಿಸುತ್ತಿದ್ದಾರೆ. "ಇಂಥಾದ್ದೆಲ್ಲಾ ನಮ್ಮ ಕಡೆ ಯಾರು ಮಾಡ್ತಾರೆ ಗುರೂ" ಅಂದ. "ನಮ್ಮಪ್ಪ ಮಾಡಿದ್ರು" ಅಂದೆ. ನಂಬಲಿಲ್ಲ. ಅವನಿಗೆ ಹೇಳಿದ್ದನ್ನೇ ಸ್ವಲ್ಪ ಓದಿಕೊಂಡು, ಸರಿಪಡಿಸಿ ನಿಮಗೆ ಹೇಳುತ್ತಿದ್ದೇನೆ.

ಮೊದಲು ಮಸಲ್ ಕಾರಿನ ವಿಷಯ. 1964ರಲ್ಲಿ ಪಾಂಟಿಯಾಕ್ ಕಂಪನಿ ಒಂದು ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ ವಿ-8 ಎಂಜಿನ್ ಇಟ್ಟು ಜಿಟಿಒ ಎಂದು ಮಾರಿತು. ಅಲ್ಲಿಂದ ಆ ಹುಚ್ಚು ಹಬ್ಬಿತು ಅನ್ನುತ್ತಾರೆ. ಈ ಕಾರುಗಳ ಶಕ್ತಿಯೆಲ್ಲ ಹೋಗುತ್ತಿದ್ದದ್ದು ಹಿಂದಿನ ಎರಡು ಚಕ್ರಕ್ಕೆ ಮಾತ್ರ. ಒಣ ರಸ್ತೆಯಲ್ಲಿ ಟೈರು ಸುಟ್ಟು ಹೊಗೆ ಬರುತ್ತಿತ್ತು, ಒದ್ದೆ ರಸ್ತೆಯಲ್ಲಿ ಕಾರೇ ಗಿರಗಿಟ್ಲೆ ತಿರುಗುತ್ತಿತ್ತು. ನಮ್ಮ ದೇಶದಲ್ಲಿ ಈ ಹೆಸರಿಟ್ಟು ಕರೆಯುವುದು ಕಾಂಟೆಸ್ಸಾವನ್ನು. 1984ರಲ್ಲಿ ಹಿಂದೂಸ್ತಾನ್ ಮೋಟರ್ಸ್ ತಂದ ಈ ಕಾರು ಇಂಗ್ಲೆಂಡಿನ ವಾಕ್ಸ್‌ಹಾಲ್ ಮೈಕಟ್ಟಿನದು. ಆದರೆ ಶುರುವಿನಲ್ಲಿ ಒಳಗಿದ್ದದ್ದು ನಮ್ಮ ಅಂಬಾಸಿಡರಿನ 1489 ಸಿಸಿ ಎಂಜಿನ್! ಪೈಲ್ವಾನನ ಮೈಯೊಳಗೆ ಪಡ್ಡೆ ಹುಡುಗನ ಎದೆ ಇಟ್ಟ ಹಾಗೆ. ಆಮೇಲೆ ಇಸುಜು ಎಂಜಿನ್ ಬಂದು ಮಾನ ಉಳಿಯಿತು. 2002ರಲ್ಲಿ ಕಾಂಟೆಸ್ಸಾ ಕಥೆ ಮುಗಿಯಿತು.

ಇಂಥ ಕಾರಿನ ಮುಂದಿನ ಚಕ್ರಕ್ಕೂ ಎಳೆತ ಕೊಟ್ಟರೆ ಹೇಗೆ? ಇದನ್ನು ಕೆಸರಿನ ಆಟಕ್ಕಲ್ಲ, ಜೀವ ಉಳಿಸುವುದಕ್ಕೆ ಎಂದು ಯೋಚಿಸಿದವನು ಹ್ಯಾರಿ ಫರ್ಗುಸನ್. ಈ ಹೆಸರು ಎಲ್ಲೋ ಕೇಳಿದ್ದೀರಲ್ಲವೇ? ಹೌದು, ನಮ್ಮ ತೋಟಗಳಲ್ಲಿ ಉಳುವ ಮ್ಯಾಸ್ಸಿ ಫರ್ಗುಸನ್ ಟ್ರ್ಯಾಕ್ಟರಿನ ಅದೇ ಫರ್ಗುಸನ್. ನೇಗಿಲನ್ನು ಮೂರು ಕಡೆಯಿಂದ ಹಿಡಿದು ಎತ್ತುವ ಹೈಡ್ರಾಲಿಕ್ ಜೋಡಣೆ ಆತನ ಕಾಣಿಕೆ. ಟ್ರ್ಯಾಕ್ಟರಿನ ದುಡ್ಡಿನಲ್ಲಿ ಆತ ಕಾರುಗಳಿಗೆ ನಾಲ್ಕು ಚಕ್ರದ ಎಳೆತ ಹೊಂದಿಸುವ ಕಂಪನಿ ಕಟ್ಟಿದ. ಆತ 1960ರಲ್ಲಿ ತೀರಿಕೊಂಡ. ಮಾರನೇ ವರ್ಷ, 1961ರಲ್ಲಿ, ಆ ಕಂಪನಿಯ ಪಿ-99 ಎಂಬ ರೇಸ್ ಕಾರನ್ನು ಸ್ಟರ್ಲಿಂಗ್ ಮಾಸ್ ಓಡಿಸಿ ಔಲ್ಟನ್ ಪಾರ್ಕಿನಲ್ಲಿ ಗೆದ್ದ. 1966ರಲ್ಲಿ ಇಂಗ್ಲೆಂಡಿನ ಜೆನ್ಸನ್ ಕಂಪನಿ ಅಮೆರಿಕಾದ ಕ್ರೈಸ್ಲರ್ ವಿ-8 ಎಂಜಿನ್ನಿಗೆ ಫರ್ಗುಸನ್ನನ ಏರ್ಪಾಡು ಸೇರಿಸಿ ಎಫ್‌ಎಫ್ ಎಂಬ ಕಾರು ಮಾಡಿತು. ಒಟ್ಟು 320 ಕಾರುಗಳಷ್ಟೇ ಹೊರಬಂದವು. ಅದೇ ಕಾಲಕ್ಕೆ ಫರ್ಗುಸನ್ ಕಂಪನಿಯವರು ಫೋರ್ಡ್ ಮಸ್ಟ್ಯಾಂಗನ್ನೂ ತಂದು ಫೋರ್ ವೀಲ್ ಮಾಡಿ ತೋರಿಸಿದರು. ಫೋರ್ಡಿನವರು ಅದನ್ನು ಮಾರಾಟಕ್ಕೆ ತರಲಿಲ್ಲ.

ಫರ್ಗುಸನ್ನನ ಏರ್ಪಾಡಿನ ಗುಟ್ಟು ಇಷ್ಟೇ. ಕಾರು ತಿರುಗುವಾಗ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಹೆಚ್ಚು ದೂರ ಸುತ್ತುತ್ತವೆ. ಹಿಂದೆ ಮುಂದೆ ಎರಡನ್ನೂ ಒಂದೇ ದಂಡಕ್ಕೆ ಬಿಗಿಯಾಗಿ ಕಟ್ಟಿದರೆ ಒಂದನ್ನೊಂದು ಎಳೆದಾಡುತ್ತವೆ. ಅದಕ್ಕೆ ಆತ ನಟ್ಟನಡುವೆ ಮೂರನೆಯ ಡಿಫರೆನ್ಷಿಯಲ್ ಇಟ್ಟ. ಹಿಂದೆ ಒಂದು, ಮುಂದೆ ಒಂದು, ಅವೆರಡರ ಜಗಳ ಬಿಡಿಸಲು ನಡುವೆ ಒಂದು. ಈ ಮಾತು ನೆನಪಿಟ್ಟುಕೊಳ್ಳಿ. ನಮ್ಮ ಜೀಪಿಗೆ ಈ ಮೂರನೆಯದು ಇಲ್ಲ. ನಮ್ಮಪ್ಪ ಸಿಕ್ಕಿಬಿದ್ದದ್ದೇ ಅಲ್ಲಿ.

ಜೀಪು ಎಂದೆ. ಇದು ಹುಟ್ಟಾ ಫೋರ್ ವೀಲ್ ಗಾಡಿ, ಇದರಲ್ಲಿ ಬದಲಾಯಿಸುವುದೇನು ಎಂದು ಗೆಳೆಯನೂ ಕೇಳಿದ. ನಿಜ ಹೇಳಬೇಕೆಂದರೆ ಜೀಪು ಹುಟ್ಟಿದ್ದೇ ಬದಲಾವಣೆಯಿಂದ. ಅಮೆರಿಕಾದಲ್ಲಿ ಮಾರ್ಮನ್-ಹೆರಿಂಗ್ಟನ್ ಎಂಬ ಕಂಪನಿ 1930ರ ದಶಕದಲ್ಲೇ ಫೋರ್ಡ್ ಟ್ರಕ್ಕುಗಳನ್ನು ತಂದು ಮುಂದಿನ ಆಕ್ಸಲಿಗೂ ಎಳೆತ ಕೊಟ್ಟು ಮಾರುತ್ತಿತ್ತು. 1940ರಲ್ಲಿ ಅಮೆರಿಕಾ ಸೈನ್ಯ ಸಣ್ಣ ಗಾಡಿಯೊಂದು ಬೇಕು, 49 ದಿನದಲ್ಲಿ ಮಾದರಿ ಕೊಡಿ ಎಂದು ಪಟ್ಟು ಹಿಡಿಯಿತು. ಬ್ಯಾಂಟಮ್ ಎಂಬ ಪುಟ್ಟ ಕಂಪನಿ ಒಪ್ಪಿಕೊಂಡಿತು. ಅಷ್ಟು ದಿನದಲ್ಲಿ ಹೊಸದಾಗಿ ಏನು ಮಾಡಲು ಸಾಧ್ಯ? ಸ್ಟುಡೆಬೇಕರ್ ಚಾಂಪಿಯನ್ ಎಂಬ ಮನೆಮಂದಿ ಓಡಾಡುವ ಕಾರಿನ ಆಕ್ಸಲನ್ನೇ ಸ್ಪೈಸರ್ ಕಂಪನಿ ಮಾರ್ಪಡಿಸಿ ಕೊಟ್ಟಿತು. ಸೆಪ್ಟೆಂಬರ್ 23, 1940ರಂದು, ಗಡುವಿನ ದಿನವೇ, ಮಾದರಿ ಗಾಡಿ ಸೈನ್ಯದ ಬಾಗಿಲಿಗೆ ಹೋಯಿತು. (ನಮ್ಮ ಮ್ಯಾನೇಜರಿಗೆ ಈ ಕಥೆ ಹೇಳಬಾರದು, ನಾಳೆಯಿಂದ ನಮಗೂ 49 ದಿನ ಅನ್ನುತ್ತಾರೆ.) ಕೊನೆಗೆ ದೊಡ್ಡ ಆರ್ಡರು ಸಿಕ್ಕಿದ್ದು ವಿಲ್ಲೀಸ್ ಮತ್ತು ಫೋರ್ಡ್ ಕಂಪನಿಗಳಿಗೆ. ಯುದ್ಧ ಮುಗಿಯುವಷ್ಟರಲ್ಲಿ ಇಬ್ಬರೂ ಸೇರಿ 6 ಲಕ್ಷಕ್ಕೂ ಹೆಚ್ಚು ಜೀಪು ಮಾಡಿದ್ದರು. ಅದರಲ್ಲಿ ಒಂದಷ್ಟು ಇಂಡಿಯಾದಲ್ಲೇ ಉಳಿದು ಹರಾಜಿಗೆ ಬಂದವು.

ಸ್ವಾತಂತ್ರ್ಯ ಬಂದ ಹೊಸತರಲ್ಲಿ ಮಹೀಂದ್ರ ಕಂಪನಿ ವಿಲ್ಲೀಸ್ ಜೊತೆ ಒಪ್ಪಂದ ಮಾಡಿಕೊಂಡು ಮುಂಬೈನಲ್ಲಿ ಜೀಪು ಜೋಡಿಸಲು ಶುರು ಮಾಡಿತು. ನಾವೆಲ್ಲಾ ಚಿಕ್ಕಂದಿನಲ್ಲಿ ಸರ್ಕಾರಿ ಆಫೀಸುಗಳ ಮುಂದೆ ನೋಡಿದ ಎತ್ತರದ ಬಾನೆಟ್ಟಿನ ಜೀಪು ಇದೆಯಲ್ಲ, ಅದು ಸಿಜೆ-3ಬಿ. ಹರಿಕೇನ್ ಎಂಬ ಹೊಸ ಎಂಜಿನ್ ಹಳೆಯದಕ್ಕಿಂತ ಎತ್ತರವಿತ್ತು, ಅದನ್ನು ಮುಚ್ಚಲು ಬಾನೆಟ್ಟನ್ನೂ ಎತ್ತರಿಸಿದರು, ಅಷ್ಟೇ. ಅಮೆರಿಕಾದಲ್ಲಿ 1968ಕ್ಕೆ ನಿಂತುಹೋದ ಈ ಮಾದರಿಯನ್ನು ಮಹೀಂದ್ರ ಆಮೇಲೂ ದಶಕಗಟ್ಟಲೆ ಮಾಡಿತು. ಬಿ.ಡಿ.ಓ. ಸಾಹೇಬರು, ಅಮಲ್ದಾರರು, ಮಲೇರಿಯಾ ಇಲಾಖೆಯವರು ಎಲ್ಲರೂ ಇದರಲ್ಲೇ ಬರುತ್ತಿದ್ದರು. ನಮ್ಮಜ್ಜಿ ಇವತ್ತಿಗೂ ಜೀಪಿನ ಸದ್ದು ಕೇಳಿದರೆ "ಯಾರೋ ಸೂಜಿ ಹಾಕೋರು ಬಂದ್ರು" ಅನ್ನುತ್ತಾರೆ.

ನಮ್ಮೂರು ನೊಣವಿನಕೆರೆಗೂ ತುರುವೇಕೆರೆಗೂ ನಡುವೆ. ತಾತ 1978ರಲ್ಲಿ ಒಂದು ಸಿಜೆ-3ಬಿಯನ್ನು ಇಲಾಖೆಯ ಹರಾಜಿನಲ್ಲಿ ಹಿಡಿದರು. ಅದರೊಳಗೆ ಡ್ರೈವರಿನ ಪಕ್ಕ ಮೂರು ಕೋಲು. ಒಂದು ಗೇರಿನದು. ಇನ್ನೊಂದು ಮುಂದಿನ ಆಕ್ಸಲಿಗೆ ಎಳೆತ ಕೊಡುವುದಕ್ಕೆ. ಮೂರನೆಯದನ್ನು ಕೆಳಗಿನ ಗೇರಿಗೆ ಹಾಕಿದರೆ ಎಂಜಿನ್ನಿನ ಎಳೆತ ಸುಮಾರು ಎರಡೂವರೆ ಪಟ್ಟು ಆಗಿ ಗಾಡಿ ಆಮೆಯಂತೆ ತೆವಳುತ್ತದೆ. ಊರಿನ ಹುಡುಗರು ಇದಕ್ಕೆ "ಮೂರು ಕೋಲಿನ ಜೀಪು" ಎಂದೇ ಹೆಸರಿಟ್ಟಿದ್ದರಂತೆ.

ತೋಟದ ದಾರಿಗೆ ಇದು ಬೇಕೇ ಬೇಕು. ತೆಂಗಿನ ತೋಟ ಎಂದರೆ ನೆರಳು, ತಂಪು ಎಂದು ಬೆಂಗಳೂರಿನವರು ಅಂದುಕೊಳ್ಳುತ್ತಾರೆ. ಉತ್ತೆ, ಚಿತ್ತೆ ಮಳೆ ಹಿಡಿದಾಗ ಬಂದು ನೋಡಿ. ಬೇಸಿಗೆಯಲ್ಲಿ ಮರದ ಬುಡಕ್ಕೆ ಕೆರೆ ಗೋಡು ಹೊಡೆಸಿರುತ್ತಾರೆ. ಅದು ನೀರು ಕುಡಿದರೆ ಬೆಣ್ಣೆ. ಬಿದ್ದ ಗರಿ, ಮಟ್ಟೆ ಬೇರೆ. ಅದರ ಮೇಲೆ ಕಾಯಿ ತುಂಬಿದ ಟ್ರೈಲರ್ ಎಳೆಯಬೇಕು. ಕೀಳಿಸಿದ ಕಾಯಿಯನ್ನು ಅಟ್ಟಕ್ಕೆ ಸೇರಿಸಿದರೆ ತಾನೇ ಹತ್ತು ಹನ್ನೆರಡು ತಿಂಗಳು ಒಣಗಿ ಉಂಡೆ ಕೊಬ್ಬರಿಯಾಗುವುದು? ಅಟ್ಟ ಸೇರುವ ಮೊದಲೇ ತೋಟದಲ್ಲಿ ಬಿದ್ದಿದ್ದರೆ ಮೊಳಕೆ ಬರುತ್ತದೆ, ಇಲ್ಲಾ ಕಳ್ಳರ ಪಾಲಾಗುತ್ತದೆ.

ಹೀಗಿದ್ದೂ ತಾತ ಎರಡೇ ವರ್ಷದಲ್ಲಿ ಮುಂದಿನ ಆಕ್ಸಲ್ ಬಿಚ್ಚಿಸಿಬಿಟ್ಟರು! ಕಾರಣ ಪೆಟ್ರೋಲು. 1973ರ ಅರಬ್-ಇಸ್ರೇಲ್ ಯುದ್ಧಕ್ಕೆ ಒಮ್ಮೆ, 1979ರ ಇರಾನಿನ ಕ್ರಾಂತಿಗೆ ಇನ್ನೊಮ್ಮೆ ತೈಲದ ಬೆಲೆ ಹಾರಿತ್ತು. ಎಲ್ಲಿಯ ಇರಾನು, ಎಲ್ಲಿಯ ನೊಣವಿನಕೆರೆ... ಆದರೂ ಬಂದು ತಟ್ಟಿತು. "ಮುಂದ್ಲು ಹೌಸಿಂಗ್ ಸುಮ್ನೆ ಪೆಟ್ರೋಲ್ ಕುಡಿತೈತೆ, ತೆಗ್ಸಾಕಿ ಯಜಮಾನ್ರೇ" ಎಂದು ಯಾರೋ ಕಿವಿ ಊದಿದರು. ಬಿಚ್ಚಿದ ಆಕ್ಸಲ್ ಗುಜರಿಗೆ ಹೋಯಿತು. ಎಳೆತವಿಲ್ಲದ ಬರೀ ದಂಡವೊಂದು ಅದರ ಜಾಗಕ್ಕೆ ಬಂತು. ಎರಡನೇ ಕೋಲು ಕೆಲಸವಿಲ್ಲದೆ ನಿಂತುಕೊಂಡಿತು. ಆಮೇಲೆ ನಾಲ್ಕೈದು ವರ್ಷಕ್ಕೆ ಪೆಟ್ರೋಲ್ ಎಂಜಿನ್ನೂ ಹೋಗಿ ಹಳೆಯ ಮ್ಯಾಟಡಾರಿನ ಡೀಸೆಲ್ ಎಂಜಿನ್ ಬಂತು. ಅದನ್ನು ಆರ್.ಸಿ.ಯಲ್ಲಿ ಬರೆಸಿದ್ದರು, ತಾತ ಆ ವಿಷಯದಲ್ಲಿ ಕಟ್ಟುನಿಟ್ಟು.

ಆಕ್ಸಲ್ ತೆಗೆಸಿದ್ದರಿಂದ ಉಳಿತಾಯವಾಯಿತೇ? ಎಂಜಿನಿಯರಿಂಗ್ ಓದಿದ ಮೇಲೆ ನಾನು ಕೂತು ಲೆಕ್ಕ ಹಾಕಿದೆ. ಎಳೆತ ಇಲ್ಲದಾಗಲೂ ಮುಂದಿನ ಗೇರುಗಳು ಎಣ್ಣೆಯಲ್ಲಿ ಸುಮ್ಮನೆ ತಿರುಗುತ್ತವೆ ಎಂಬುದು ನಿಜ. ಆದರೆ ಅದರ ಖರ್ಚು ಅಲ್ಪ. ಅದಕ್ಕೂ ಮದ್ದಿತ್ತು. ಅಮೆರಿಕಾದ ವಾರ್ನ್ ಎಂಬಾತ 1948ರಲ್ಲೇ ಚಕ್ರದ ಹಬ್ಬಿನಲ್ಲಿ ಕೈಯಿಂದ ತಿರುಗಿಸಿ ಕಳಚಿಬಿಡುವ ಬಿಲ್ಲೆಯಂಥದ್ದನ್ನು ಮಾಡಿದ್ದ. ಹಬ್ಬು ಕಳಚಿದರೆ ಒಳಗಿನದೆಲ್ಲಾ ನಿಂತುಬಿಡುತ್ತದೆ, ಬೇಕಾದಾಗ ಮತ್ತೆ ಸೇರಿಸಬಹುದು. ನಮ್ಮೂರಿಗೆ ಆ ಸುದ್ದಿ ಬರಲಿಲ್ಲ, ಅಷ್ಟೇ. ತಾತನನ್ನು ದೂರಿ ಪ್ರಯೋಜನವಿಲ್ಲ. ಕಂಪನಿಯೇ ಎರಡು ಚಕ್ರದ ಜೀಪನ್ನೂ ಮಾರುತ್ತಿತ್ತು, ಟಾರು ರಸ್ತೆಯಲ್ಲಿ ಟ್ಯಾಕ್ಸಿ ಓಡಿಸುವವರಿಗೆ ಅದೇ ಸಾಕಿತ್ತು. ಕೆ.ಬಿ. ಕ್ರಾಸಿನಲ್ಲಿ ಹದಿನೈದು ಜನರನ್ನು ತುಂಬಿಕೊಂಡು, ಇಬ್ಬರು ಹಿಂದೆ ಜೋತುಬಿದ್ದು ಹೋಗುತ್ತಿದ್ದ ಜೀಪುಗಳಿಗೆ ಮುಂದಿನ ಚಕ್ರ ಎಳೆದರೇನು ಬಿಟ್ಟರೇನು.

1990ರ ದಶಕದ ಕೊನೆಗೆ ನಮ್ಮ ಕಡೆ ತೆಂಗಿಗೆ ನುಸಿ ಪೀಡೆ ಬಂತು. ಕಾಯಿ ಸಣ್ಣದಾಯಿತು, ಅಟ್ಟ ಅರ್ಧ ಖಾಲಿ. ಹೊಸ ಗಾಡಿ ಕೊಳ್ಳುವ ಮಾತೇ ಇರಲಿಲ್ಲ. ಆದರೆ ಕೂಲಿ ಏರುತ್ತಿತ್ತು, ಎತ್ತು ಮಾರಿಯಾಗಿತ್ತು, ಮಳೆಗಾಲದಲ್ಲಿ ಕಾಯಿ ಹೊರುವವರು ಸಿಗುತ್ತಿರಲಿಲ್ಲ. 2005ರಲ್ಲಿ ಅಪ್ಪ ತೀರ್ಮಾನ ಮಾಡಿದರು. ಹೋದ ಆಕ್ಸಲನ್ನು ವಾಪಸ್ ತರುವುದು.

ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಎರಡು ದಿನ ಅಲೆದು ಒಂದು ಮುಂದಿನ ಆಕ್ಸಲ್ ಹುಡುಕಿದರು. ಯುದ್ಧಕಾಲದ ವಿಲ್ಲೀಸಿನದು. ನಾನಾಗ ಎರಡನೇ ಕ್ಲಾಸೋ ಮೂರನೇ ಕ್ಲಾಸೋ. ಲಾರಿಯಿಂದ ಅದನ್ನು ನಾಲ್ಕು ಜನ ಇಳಿಸಿದ್ದು, ಅಮ್ಮ "ಇದ್ಕಾ ಅಷ್ಟು ದುಡ್ಡು" ಎಂದು ಒಳಗೆ ಹೋದದ್ದು ಚೆನ್ನಾಗಿ ನೆನಪಿದೆ. ಅಳತೆ ಹಿಡಿದರೆ ಪ್ರತಿ ಬೋಲ್ಟೂ ಕೂತಿತು. ಈ ಜೀಪುಗಳಲ್ಲಿ ಡಿಫರೆನ್ಷಿಯಲಿನ ಗುಂಡು ನಡುಮಧ್ಯ ಇರುವುದಿಲ್ಲ, ಒಂದು ಪಕ್ಕಕ್ಕೆ ಸರಿದಿರುತ್ತದೆ. ಅದೂ ಸರಿಯಾಗಿ ಹೊಂದಿತು. ಹೊರಗಿನಿಂದ ನೋಡಿದರೆ 1940ರ ದಶಕದ ಆಕ್ಸಲೂ ನಮ್ಮ ಸಿಜೆ-3ಬಿಯದೂ ಅವಳಿ ಜವಳಿ. ಪ್ರೊಪೆಲ್ಲರ್ ಶಾಫ್ಟ್ ಜೋಡಿಸಿದ್ದಾಯಿತು. ಎರಡನೇ ಕೋಲಿಗೆ ಇಪ್ಪತ್ತೈದು ವರ್ಷದ ನಂತರ ಕೆಲಸ ಸಿಕ್ಕಿತು. ತೋಟದ ಕೆಸರಿನಲ್ಲಿ ಟ್ರೈಲರ್ ಸಮೇತ ಜೀಪು ಹಳ್ಳ ಹತ್ತಿದಾಗ ತಾತ ಬೇಲಿಯ ಪಕ್ಕ ನಿಂತು ನೋಡುತ್ತಿದ್ದರು. ಏನೂ ಅನ್ನಲಿಲ್ಲ.

ಮೂರು ತಿಂಗಳು ಸುಖವಾಗಿತ್ತು. ಒಂದು ದಿನ ಅಪ್ಪ ತೋಟದಿಂದ ಬಂದವರೇ ಕೊಬ್ಬರಿ ಚೀಲ ಹೇರಿಕೊಂಡು, ಕೋಲು ತೆಗೆಯುವುದನ್ನು ಮರೆತು, ಹಾಗೇ ತಿಪಟೂರಿನ ಮಾರುಕಟ್ಟೆಗೆ ಹೊರಟರು. ಜೊತೆಗೆ ನಾನೂ. ಟಾರು ರಸ್ತೆಗೆ ಬಂದಮೇಲೆ ಜೀಪು ಯಾಕೋ ಮುನಿಸಿಕೊಂಡ ಎತ್ತಿನ ಹಾಗೆ ಆಡತೊಡಗಿತು. ಸ್ಟೇರಿಂಗ್ ಕಲ್ಲಾಯಿತು, ಮುಂದಿನ ಟೈರು ಕೀರಲು ಧ್ವನಿಯಲ್ಲಿ ಕೂಗಿತು. ತಿಪಟೂರು ಇನ್ನೂ ನಾಲ್ಕೈದು ಕಿಲೋಮೀಟರ್ ಇದ್ದಾಗ ನಮ್ಮ ಕಾಲ ಕೆಳಗೇ ಢಂ ಎಂದು ಶಬ್ದ. ಟ್ರಾನ್ಸ್‌ಫರ್ ಕೇಸಿನ ಗೇರು ಹಲ್ಲು ಉದುರಿಸಿಕೊಂಡಿತ್ತು. ಕೊಬ್ಬರಿ ಎತ್ತಿನಗಾಡಿಯಲ್ಲಿ ಮಾರುಕಟ್ಟೆಗೆ ಹೋಯಿತು. ಜೀಪು ಟ್ರ್ಯಾಕ್ಟರಿಗೆ ಕಟ್ಟಿಸಿಕೊಂಡು ತಿಪಟೂರಿನ ಗ್ಯಾರೇಜಿಗೆ ಹೋಯಿತು. (ಆ ಟ್ರ್ಯಾಕ್ಟರು ಮ್ಯಾಸ್ಸಿಯೇ. ಫರ್ಗುಸನ್ ನಕ್ಕಿರಬೇಕು.)

ಗ್ಯಾರೇಜಿನ ಸಾಬ್ರು ವಯಸ್ಸಾದವರು. ಒಡೆದ ಗೇರನ್ನು ಅವರು ನೋಡಲೇ ಇಲ್ಲ. ಒಂದು ಸೀಮೆಸುಣ್ಣ ತರಿಸಿದರು. ಹಿಂದಿನ ಒಂದು ಚಕ್ರ ಮಾತ್ರ ಜಾಕಿನಿಂದ ಎತ್ತಿ, ಚಕ್ರಕ್ಕೊಂದು ಗೆರೆ, ಪ್ರೊಪೆಲ್ಲರ್ ಶಾಫ್ಟಿಗೊಂದು ಗೆರೆ ಎಳೆದರು. "ಚಕ್ರ ಎರಡು ಸುತ್ತು ತಿರುಗ್ಸು ಮಗಾ, ನಿಧಾನಕ್ಕೆ" ಎಂದು ನನಗೆ ಹೇಳಿ ತಾವು ಶಾಫ್ಟಿನ ಸುತ್ತು ಎಣಿಸಿದರು. ಐದು ಸುತ್ತು, ಮೇಲೆ ಕಾಲಿಗಿಂತ ಚೂರು ಜಾಸ್ತಿ. ಮುಂದಿನದನ್ನೂ ಹಾಗೇ ಎಣಿಸಿದರು. ಐದಕ್ಕೆ ಚೂರು ಕಮ್ಮಿ.

"ಯಜಮಾನ್ರೇ, ನಿಮ್ ಗಾಡಿನಾಗೆ ಎರಡು ಗಾಡಿ ಐತೆ" ಅಂದರು.

ಆ ಚೂರು ಜಾಸ್ತಿ, ಚೂರು ಕಮ್ಮಿಯ ಹಿಂದಿನ ಲೆಕ್ಕ ನನಗೆ ಕಾಲೇಜಿಗೆ ಬಂದಮೇಲೆ ತಿಳಿಯಿತು. ಯುದ್ಧಕಾಲದ ಜೀಪಿನ ಕ್ರೌನಿಗೆ 39 ಹಲ್ಲು, ಪಿನಿಯನ್ನಿಗೆ 8. ಅಂದರೆ 4.88. ಸಿಜೆ-3ಬಿಯಲ್ಲಿ 43 ಹಲ್ಲು, 8 ಹಲ್ಲು. ಅಂದರೆ 5.38. ಯುದ್ಧ ಮುಗಿದು ರೈತರಿಗೆ ಮಾರಲು ಹೊರಟಾಗ ಎಳೆತ ಹೆಚ್ಚಿರಲಿ ಎಂದು ವಿಲ್ಲೀಸ್ ಮಾಡಿಕೊಂಡ ಬದಲಾವಣೆ ಅದು. ನಮ್ಮ ಜೀಪಿನಲ್ಲಿ ಹಿಂದಿನ ಚಕ್ರ ನೂರು ಅಡಿ ಹೋಗುವಷ್ಟರಲ್ಲಿ ಮುಂದಿನದು ನೂರಹತ್ತು ಅಡಿ ಹೋಗಲು ಹಟ ಮಾಡುತ್ತಿತ್ತು. ಕೆಸರಿನಲ್ಲಿ ಚಕ್ರ ಜಾರಿ ಆ ಹತ್ತು ಅಡಿ ಹೊಂದಿಕೊಳ್ಳುತ್ತಿತ್ತು. ಟಾರು ರಸ್ತೆ ಜಾರಲು ಬಿಡಲಿಲ್ಲ. ನಡುವೆ ಫರ್ಗುಸನ್ನನ ಮೂರನೇ ಡಿಫರೆನ್ಷಿಯಲ್ ಇಲ್ಲ, ಹಾಗಾಗಿ ಸಿಟ್ಟೆಲ್ಲಾ ಗೇರಿನ ಹಲ್ಲಿನ ಮೇಲೆ. ತಪ್ಪು ಮಾರಿದವರದ್ದಲ್ಲ, ನಮ್ಮದೇ. ಮುಚ್ಚಳ ತೆಗೆದು ಹಲ್ಲು ಎಣಿಸಬೇಕಿತ್ತು.

ಸಾಬ್ರು ಇನ್ನೊಂದು 43/8 ಕ್ರೌನ್ ಪಿನಿಯನ್ ಹುಡುಕಿಸಿ ಮುಂದಿನ ಹೌಸಿಂಗಿಗೆ ಕೂರಿಸಿದರು. ಅಂದಿನಿಂದ ಇಂದಿನವರೆಗೆ ಜೀಪು ತಕರಾರು ಮಾಡಿಲ್ಲ. ಟಾರು ರಸ್ತೆಯಲ್ಲಿ ಕೋಲು ತೆಗೆಯಬೇಕೆಂಬುದು ಅಪ್ಪನಿಗೂ ಮರೆತಿಲ್ಲ.

ಈಗ ಈ ಕಥೆ ನೆನಪಾಗಲು ಇನ್ನೊಂದು ಕಾರಣವೂ ಇದೆ. ಅಪ್ಪ ಜೀಪು ಮಾರುವ ಯೋಚನೆಯಲ್ಲಿದ್ದಾರೆ. ಹದಿನೈದು ವರ್ಷ ದಾಟಿದ ಗಾಡಿಯ ಆರ್.ಸಿ. ನವೀಕರಣದ ಶುಲ್ಕ 2022ರ ಏಪ್ರಿಲ್‌ನಲ್ಲಿ ಕಾರುಗಳಿಗೆ 600 ರೂಪಾಯಿಯಿಂದ 5000ಕ್ಕೆ ಏರಿತು. ಅದಕ್ಕಿಂತ ದೊಡ್ಡದು 2019ರ ಜನವರಿಯಲ್ಲಿ ಬಂದ ಸುಪ್ರೀಂ ಕೋರ್ಟಿನ ತೀರ್ಪು. ಕೇರಳದಿಂದ ಹೋದ ಪ್ರಕರಣ. ಮೋಟಾರು ವಾಹನ ಕಾಯಿದೆಯ 52ನೇ ಕಲಮಿನ ಪ್ರಕಾರ ತಯಾರಕರು ಕೊಟ್ಟ ಮೂಲ ವಿವರಗಳಿಗೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ ಎಂದು ಕೋರ್ಟು ಹೇಳಿತು. ರಸ್ತೆಯ ಸುರಕ್ಷತೆ ದೃಷ್ಟಿಯಿಂದ ಅದು ಸರಿಯೇ. ನಮ್ಮ ಢಂ ಶಬ್ದ ಕೇಳಿದ ನಾನು ಅದನ್ನು ವಿರೋಧಿಸಲಾರೆ. ಆದರೆ ನಮ್ಮ ಜೀಪಿನ ಮೂಲ ಯಾವುದು? ತಾತ ಬಿಚ್ಚಿಸಿದ್ದು ಮಾರ್ಪಾಡು. ಅಪ್ಪ ಹಾಕಿಸಿದ್ದು ವಾಪಸ್ ಮೂಲಕ್ಕೆ, ಆದರೆ ಮೊದಲು ಹಾಕಿಸಿದ್ದು ತಪ್ಪು ಮೂಲಕ್ಕೆ! ಎಂಜಿನ್ನು ಮಾತ್ರ ಇವತ್ತಿಗೂ ಪರರದ್ದು, ಅದೇ ಪುಸ್ತಕದಲ್ಲಿ ಬರೆದಿರುವುದು. ಸೋರ್ಸ್ ಕೋಡಿನ ಹಾಗೆ ಜೀಪಿಗೂ ವರ್ಷನ್ ಹಿಸ್ಟರಿ ಇದ್ದಿದ್ದರೆ ಒಳ್ಳೆಯದಿತ್ತು :)

ಇನ್ನೊಂದು ತಮಾಷೆ. ಮಹೀಂದ್ರದವರು ಥಾರ್ ಮಾಡಿದರಲ್ಲ, 2020ರಲ್ಲಿ ಬಂದ ಹೊಸ ಥಾರ್‌ಗೆ 2023ರ ಜನವರಿಯಲ್ಲಿ ಹಿಂದಿನ ಚಕ್ರದ ಎಳೆತ ಮಾತ್ರ ಇರುವ ಅಗ್ಗದ ಮಾದರಿಯನ್ನೂ ಸೇರಿಸಿದರು. ಈ ಸುದ್ದಿ ಹೇಳಿದಾಗ ಅಪ್ಪ, "ನಿಮ್ ತಾತ ಇದ್ದಿದ್ರೆ ಅದನ್ನೇ ತಗೋತಿದ್ರು" ಅಂದರು.

ಹೋದ ಭಾನುವಾರ ಜೀಪು ನೋಡಲು ಬೆಂಗಳೂರಿನಿಂದ ಇಬ್ಬರು ಹುಡುಗರು ಬಂದಿದ್ದರು, ನನ್ನ ವಯಸ್ಸಿನವರೇ. ಬಾನೆಟ್ ಎತ್ತಿದರು, ಮ್ಯಾಟಡಾರ್ ಎಂಜಿನ್ ನೋಡಿ ಮುಖ ಸಣ್ಣದು ಮಾಡಿಕೊಂಡರು. ಕೆಳಗೆ ಬಗ್ಗಿ ನೋಡಿದ ಒಬ್ಬ, ಮುಂದಿನ ಹೌಸಿಂಗಿನ ಮೇಲೆ ಬಿಳಿ ಪೇಂಟಿನಲ್ಲಿ 43/8 ಎಂದು ಬರೆದಿದೆಯಲ್ಲ, ಅದೇನು ಎಂದು ಕೇಳಿದ. ಪ್ರತಿ ವರ್ಷ ಆಯುಧಪೂಜೆಗೆ ಜೀಪು ತೊಳೆದಮೇಲೆ ಅಪ್ಪ ಅದನ್ನು ಹೊಸದಾಗಿ ತಿದ್ದುತ್ತಾರೆ. ಅಪ್ಪ ಅವನನ್ನು ಕೂರಿಸಿಕೊಂಡು ಟೀ ತರಿಸಿ ಶಿವಾಜಿನಗರದಿಂದ ಶುರು ಮಾಡಿದರು. ಸಂಜೆಯಾಯಿತು. ವ್ಯಾಪಾರದ ಮಾತು ಯಾರೂ ಎತ್ತಲಿಲ್ಲ. ಹೋಗುವಾಗ ಆ ಹುಡುಗ ಒಂದು ಸೀಮೆಸುಣ್ಣ ಕೇಳಿದ, ಅವನ ಮನೆಯಲ್ಲೂ ಒಂದು ಹಳೆಯ ಜೀಪು ಇದೆಯಂತೆ.